ಬೋನುಗಾರನ ವಾಸನೆ

ಎಫ್ರಾಯಿಮ್ ಮನೆಯಲ್ಲಿದ್ದ ಕೊನೆಯ ದಿನವೂ ಅಂಗಳದ ಹಂಡೆಯಲ್ಲಿ ಬೋನು ಬೇಯಿಸುತ್ತಿದ್ದ. ಲ್ಯಾಬ್ರಡಾರ್ ಎಂಬ ಹಿಮನಾಡಿನಲ್ಲಿ ತುಪ್ಪಳಕ್ಕಾಗಿ ಪ್ರಾಣಿ ಹಿಡಿಯುವ ಬೋನುಗಾರರೆಲ್ಲ ಹಾಗೆಯೇ. ಹೆಂಡತಿ ಅಡುಗೆ ಮಾಡುವುದಕ್ಕಿಂತ ಶ್ರದ್ಧೆಯಿಂದ ಕಬ್ಬಿಣ ಬೇಯಿಸುತ್ತಾರೆ. ಸ್ಪ್ರೂಸ್ ಮರದ ತೊಗಟೆ ಹಾಕಿ ಕುದಿಸಿದರೆ ಮನುಷ್ಯನ ವಾಸನೆ ಹೋಗುತ್ತದೆ, ಮರನಾಯಿ ಅನುಮಾನಪಡದೆ ಬಂದು ಬೀಳುತ್ತದೆ. ಬೋನಾದ ಮೇಲೆ ಉರುಲಿನ ತಂತಿ, ಕೈಗವಸು, ಕೊಡಲಿಯ ಹಿಡಿ, ಕೊನೆಗೆ ಕೋಟು, ಎಲ್ಲವೂ ಅದೇ ಹಂಡೆಗೆ. ಹೆಂಡತಿ ಟ್ರೈಫೀನಾ ಹತ್ತಿರ ಹೋದರೆ ಸಾಕು, "ಏಯ್, ಅಲ್ಲೇ ನಿಲ್ಲೇ ಮಾರಾಯ್ತಿ! ನಿನ್ನ ಸೋಪಿನ ವಾಸನೆ ತಾಗಿದ್ರೆ ಈ ಚಳಿಗಾಲ ಒಂದು ಇಲೀನೂ ಬೀಳಲ್ಲ" ಎಂದು ಕೂಗುತ್ತಿದ್ದ. "ಹಂಡೇಲಿ ನೀನೇ ಕೂತ್ಕೋ, ಒಟ್ಟಿಗೆ ಬೆಂದುಹೋಗು" ಎನ್ನುತ್ತಿದ್ದಳು ಇವಳು. ಕಾಡಿಗೆ ಹೊರಡುವ ಮುಂಚಿನ ವಾರ ಅವನು ಹೊಗೆಸೊಪ್ಪು ಮುಟ್ಟುತ್ತಿರಲಿಲ್ಲ, ಮೀನು ಕರಿಯಲು ಬಿಡುತ್ತಿರಲಿಲ್ಲ, ಮಂಚದಲ್ಲೂ ಗೋಡೆ ಕಡೆಗೆ ಸರಿದು ಮಲಗುತ್ತಿದ್ದ. "ನೀನು ಮದುವೆ ಆಗಿದ್ದು ನನ್ನನ್ನೋ ಮರನಾಯೀನೋ?" ಎಂದರೆ, "ಅದು ನಿನ್ನಷ್ಟು ಮಾತಾಡಲ್ಲ" ಎಂದು ನಗುತ್ತಿದ್ದ. ಆ ಸಲ ಬೋನು ಬೇಯಿಸಿ ಮರುದಿನ ಕಾಡಿಗೆ ಹೊರಟವನನ್ನು ದಾರಿಯಲ್ಲಿ ಕೊಲ್ಲಿಯ ಮಂಜುಗಡ್ಡೆ ಒಡೆದು ನುಂಗಿತು; ಹೆಣ ಸಿಗಲಿಲ್ಲ. ಅವನ ವಾಸನೆಯಾದರೂ ಒಂದಿಷ್ಟು ಸಿಕ್ಕೀತೆಂದು ಅವಳು ಮನೆಯೆಲ್ಲ ಮೂಸಿದಳು. ದಿಂಬಿನಲ್ಲಿ ಅವಳದೇ ಸೋಪು, ಅವನು ಬಿಟ್ಟುಹೋದ ಇನ್ನೊಂದು ಕೋಟಿನಲ್ಲಿ ಬರೀ ತೊಗಟೆ. ಕೆಲಸ ಬಲ್ಲ ಬೋನುಗಾರ ತನ್ನನ್ನು ಎಲ್ಲೂ ಉಳಿಸಿ ಹೋಗಿರಲಿಲ್ಲ. ಈಗ ದಿನಾ ಬೆಳಗ್ಗೆ ನಾಯಿಗಳಿಗೆ ಒಣಮೀನು ಹಾಕಲು ಅವಳು ಆ ಕೋಟು ತೊಟ್ಟು ಹೋಗುತ್ತಾಳೆ. ಅವನ ಹಿಮಗಾಡಿ ಎಳೆಯುತ್ತಿದ್ದ ಮುದಿನಾಯಿ ಮೀನು ಬಿಟ್ಟು, ಕೋಟಿನ ತೋಳಿನೊಳಗೆ ಮೂತಿ ತೂರಿಸಿ ಬಾಲ ಆಡಿಸುತ್ತದೆ. ಅದರ ಮೂಸಾಟ ಮುಗಿಯುವ ತನಕ ಅವಳು ಕೈ ಅಲ್ಲಾಡಿಸುವುದಿಲ್ಲ.