ಮೂರು ಮಾತ್ರೆ ಹೆಚ್ಚಾದ ಹೆಸರು

ಹಿಂದಿನ ಕಾಲದ ವೀರರು ಒಂದು ಅಸ್ತ್ರ ಪಡೆಯಬೇಕಾದರೆ ಒಂಟಿ ಕಾಲಿನ ಮೇಲೆ ವರ್ಷಗಟ್ಟಲೆ ನಿಲ್ಲಬೇಕಿತ್ತು. ಹುಮನಾಬಾದಿನ ಪ್ರೌಢಶಾಲೆಯೊಂದರ ಕನ್ನಡ ಮಾಸ್ತರ ಮಹಾರುದ್ರಪ್ಪ ೧೯೯೭ರ ಬೇಸಿಗೆಯಲ್ಲಿ ಧಾರವಾಡಕ್ಕೆ ಹೋಗಿ, ಹತ್ತು ದಿನ ಉಪ್ಪಿಟ್ಟು ತಿಂದು, ವಿಮರ್ಶಾ ಶಿಬಿರ ಮುಗಿಸಿ ಐದು ಅಸ್ತ್ರಗಳೊಂದಿಗೆ ಮರಳಿದರು. ಬಸ್‌ ಸ್ಟ್ಯಾಂಡಿನಲ್ಲಿ ಇಳಿದವರೇ ಎದುರಿನ ಅಂಗಡಿಗೆ ನುಗ್ಗಿ ಐದು ಬಣ್ಣದ ಪೆನ್ನು ಕೊಂಡರು. ರಸವನ್ನು ಹುಡುಕಲು ಹಸಿರು. ಕವಿಯ ಬದುಕನ್ನು ಕೆದಕಲು ನೀಲಿ. ಕವಿ ಸತ್ತನೋ ಇದ್ದಾನೋ ಎಂದು ಕೇಳದೆ ಪದಗಳನ್ನಷ್ಟೇ ನೋಡುವ ಕೃತಿನಿಷ್ಠ ವಿಮರ್ಶೆಗೆ ಕಪ್ಪು. ದುಡಿಯುವವರು ಮತ್ತು ದುಡಿಸಿಕೊಳ್ಳುವವರ ಲೆಕ್ಕ ಕೇಳಲು ಕೆಂಪು. ಸ್ತ್ರೀವಾದಕ್ಕೆ ಗುಲಾಬಿ, ಅಂಗಡಿಯವನ ಹತ್ತಿರ ಉಳಿದದ್ದು ಅದೊಂದೇ ಬಣ್ಣ.

ಅಂದಿನಿಂದ ಎರಡು ತಾಲೂಕುಗಳಲ್ಲಿ ಯಾವ ಕವಿತೆಗೂ ನೆಮ್ಮದಿ ಇರಲಿಲ್ಲ. ಮಕ್ಕಳ ಬೀಳ್ಕೊಡುಗೆ ಪದ್ಯ, ಲಾರಿಯ ಹಿಂದೆ ಬರೆಸಿದ ಎರಡು ಸಾಲು, ಮುಂಜಾನೆ ಹಾಲಿನವನು ಗುನುಗುವ ಭಜನೆ, ಎಲ್ಲವೂ ಅಂಗಿಯ ಕಿಸೆಯ ಆ ಐದು ಪೆನ್ನುಗಳ ಕೆಳಗೆ ಹಾದುಹೋದವು. ಬಸವಕಲ್ಯಾಣದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಕವಿ ದಿಗಂಬರ ೧೯೯೯ರಲ್ಲಿ ಒಂದು ಪ್ರೇಮಗೀತೆ ಓದಿದಾಗ, ಮಾಸ್ತರರು ಕೆಂಪು ಪೆನ್ನು ತೆಗೆದು ತುಂಬಿದ ಸಭೆಯಲ್ಲಿ ಕೇಳಿದರು: "ಹಾಡಹಗಲೇ ಪ್ರೇಮಿಸಾಕ ಇಂವಗ ಪುರಸೊತ್ತು ಎಲ್ಲಿಂದ ಬಂತು? ಇಂವನ ಹೊಲಾ ಯಾರು ಉಳಾಕತ್ತಾರ?" ದಿಗಂಬರ ಅದನ್ನು ಮರೆಯಲಿಲ್ಲ. ಅವನ ಹೊಲವನ್ನು ಉಳುತ್ತಿದ್ದವರೂ ಮರೆಯಲಿಲ್ಲ. ಮರುದಿನವೇ ಕೂಲಿ ಹೆಚ್ಚು ಮಾಡಲು ಕೇಳಿದರಂತೆ.

ಇಷ್ಟಾದರೂ ಮಾಸ್ತರರ ಹೆಸರಿನ ಕೆಳಗೆ ಆಮಂತ್ರಣ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದದ್ದು 'ಶಿಕ್ಷಕರು' ಎಂದೇ. 'ವಿಮರ್ಶಕರು' ಎಂಬ ಪದವನ್ನು ಅಚ್ಚಿನಲ್ಲಿ ನೋಡಬೇಕೆಂದು ಅವರು ಆರು ವರ್ಷ ಕಾದರು. ೨೦೦೩ರಲ್ಲಿ ಆ ಪದ ಬಂತು. ಬಸವಕಲ್ಯಾಣದ ಕವಿಗೋಷ್ಠಿಯನ್ನು ನಡೆಸುತ್ತಿದ್ದ ಗಡಿಯಾರ ರಿಪೇರಿಯ ಅಜೀಮುದ್ದೀನ್ ಕಾರ್ಡು ಹಿಡಿದುಕೊಂಡು ತಾವೇ ಹುಮನಾಬಾದಿಗೆ ಬಂದಿದ್ದರು.

"ಈ ಸಲ ತೀರ್ಪುಗಾರರು ನೀವೇ ಸರ್. ಆದ್ರ ದಿಗಂಬರ ಅವರದೊಂದು ಮಾತದ. ನಿಮ್ಮ ತೀರ್ಪು ಹುಸಿ ಆತಂದ್ರ, ಮುಂದಿನ ವರ್ಷದಿಂದ ಈ ಪದ ತೆಗೀಬೇಕಂತ."

"ಹೆಸರಿಲ್ಲದ ಕವಿತಿ ಕಳಸ್ರಿ," ಎಂದರು ಮಾಸ್ತರರು. "ಬರೆದವರು ಯಾರಂತ ನಂಗ ಗೊತ್ತಾಗಬಾರದು. ಹುಸಿ ಹ್ಯಾಂಗ ಆಗತದ ನೋಡೂಣು."

ನಲವತ್ತೆರಡು ಕವಿತೆಗಳು ಬಂದವು. ಮಾಸ್ತರರು ಊಟದ ಮೇಜಿನ ಮೇಲೆ ಹರಡಿಕೊಂಡು ಎಂಟು ದಿನ ಯುದ್ಧ ಮಾಡಿದರು. ಹೆಂಡತಿ ಜಯಮಾಲಾ ತಾಟು ಇಡಲು ಜಾಗವಿಲ್ಲದೆ, ತನ್ನ ಅಣ್ಣನ ಮಗಳು ರೂಪಾಲಿಯ ಲಗ್ನದ ಸಾಮಾನಿನ ಯಾದಿಗಳನ್ನೂ ಅದೇ ಮೇಜಿನ ಮೂಲೆಯಲ್ಲಿ ಬರೆಯುತ್ತಿದ್ದರು. ಕೊನೆಯ ದಿನ ಎಣಿಸಿದಾಗ ಕವಿತೆಗಳು ನಲವತ್ತಮೂರಾಗಿದ್ದವು. ಮಹಾಕಾರ್ಯದಲ್ಲಿ ತೊಡಗಿದವರು ಒಂದು ಹೆಚ್ಚು-ಕಡಿಮೆಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲ್ಲದೆ ಆ ನಲವತ್ತಮೂರನೆಯದೇ ಅವರ ನಿದ್ದೆ ಕೆಡಿಸಿತ್ತು. ನೋಟುಬುಕ್ಕಿನ ಹರಿದ ಹಾಳೆಯಲ್ಲಿ ನಾಲ್ಕೇ ಸಾಲು:

ಕೋಟೆ ಕಲ್ಲಿಗ ಬಿಸಿಲ ಬಂಗಾರ
ತೊಗರಿ ಹೊಲಕ್ಕ ಹೂವ ಸಿಂಗಾರ
ತುಂಬಿದ ಕೊಡಕ್ಕ ಮುಚ್ಚಳ ಯಾಕ
. . . . . . . . . . . ನಕ್ಕರ ಸಾಕ

ಗೋಷ್ಠಿಯ ದಿನ ಜಯಮಾಲಾ ಕೂಡ ಜೊತೆಗೆ ಹೊರಟರು. ಕವಿತೆ ಕೇಳಲಿಕ್ಕಲ್ಲ, ರೂಪಾಲಿಗೆ ಗೊತ್ತಾದ ಗಂಡಿನ ಮನೆ ಬಸವಕಲ್ಯಾಣದಲ್ಲೇ ಇತ್ತು. ಆ ಕೆಲಸ ಮುಗಿಸಿ ಬಂದು ಸಭೆಯ ಕೊನೆಯ ಸಾಲಿನಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

ವೇದಿಕೆಯ ಮೇಲೆ ಮಾಸ್ತರರು ಆ ನಾಲ್ಕು ಸಾಲನ್ನು ಎರಡು ಸಲ ಓದಿದರು. ಆಮೇಲೆ ಪೆನ್ನುಗಳನ್ನು ಒಂದೊಂದಾಗಿ ಕಿಸೆಯಿಂದ ಹೊರತೆಗೆದು ಐವತ್ತು ನಿಮಿಷ ಮಾತನಾಡಿದರು. ಹಸಿರಿನ ಪ್ರಕಾರ ಕವಿತೆ ಹಾಸ್ಯದಲ್ಲಿ ತೊಡಗಿ ಶಾಂತದಲ್ಲಿ ಮುಗಿಯುತ್ತದೆ. ನೀಲಿಯ ಪ್ರಕಾರ ಕವಿಗೆ ಇಪ್ಪತ್ತೈದು ವರ್ಷ, ಕೆಲಸವಿಲ್ಲ, ಕೋಟೆಯ ಆಸುಪಾಸು ಸಂಜೆಗಳನ್ನು ಕಳೆಯುವ ಪ್ರೇಮಭಗ್ನ ತರುಣ. ಕೆಂಪಿನ ಪ್ರಕಾರ ಆ ಚುಕ್ಕಿಗಳು ತೊಗರಿ ಬೆಳೆದೂ ಇತಿಹಾಸದಲ್ಲಿ ಹೆಸರು ಪಡೆಯದ ಕೂಲಿಕಾರರು. ಗುಲಾಬಿಯ ಪ್ರಕಾರ ಗಂಡಸಿನ ಹೆಸರನ್ನು ಬೇಕೆಂದೇ ಅಳಿಸಿ ಹಾಕಲಾಗಿದೆ.

"ಆದರೆ ಕೊನೆಗೂ ನಿಲ್ಲುವುದು ಕಪ್ಪು!" ಮಾಸ್ತರರ ದನಿ ಏರಿತು. "ನಗುವವರು ಯಾರು? ಹೆಸರಿಲ್ಲ. ಊರಿಲ್ಲ. ಬಯಲು ನಗುತ್ತದೆ, ಮಹನೀಯರೇ! ಕಲ್ಯಾಣದ ಮಣ್ಣಿನಲ್ಲಿ ಮಾತ್ರ ಇಂಥ ಬಯಲು ಹುಟ್ಟಲು ಸಾಧ್ಯ. ಮೊದಲ ಬಹುಮಾನ ಈ ಕವಿತೆಗೆ!"

ಚಪ್ಪಾಳೆ ಬಿತ್ತು. ಆದರೆ ಹೆಂಗಸರ ಕಡೆಯಿಂದ ಬಂದದ್ದು ಬೇರೆ ಸದ್ದು. ಮೊದಲು ಒಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡರು, ಆಮೇಲೆ ಮೂವರು, ಆಮೇಲೆ ಇಡೀ ಎರಡು ಸಾಲು. ಸ್ವತಃ ಕವಿತೆ ಕಳಿಸಿದ್ದ ಅಂಗನವಾಡಿಯ ಸುಗಂಧಾ ಎದ್ದು ನಿಂತಳು.

"ಸರ್, ಸಿಟ್ಟಾಗಬ್ಯಾಡ್ರಿ. ಇದು ಒಡಪರಿ."

"ಏನಂದೆವ್ವಾ?"

"ಒಡಪು ಸರ್. ಲಗ್ನದಾಗ ಗಂಡನ ಹೆಸರು ಕಟ್ಟಿ ಹೇಳತೀವಲ್ರಿ, ಅದು. ಚುಕ್ಕಿ ಇದ್ದಲ್ಲಿ ಯಾರ ಗಂಡನ ಹೆಸರು ಅವರು ಹಾಕ್ಕೋಬೇಕು. ಬಯಲೂ ಇಲ್ಲ ಗಿಯಲೂ ಇಲ್ಲ, ಅದು ಖಾಲಿ ಜಾಗಾರಿ!"

ಸಭೆ ಬಿದ್ದು ಬಿದ್ದು ನಕ್ಕಿತು. ನಾಲ್ಕು ವರ್ಷ ಹಸಿದಿದ್ದ ದಿಗಂಬರ ಕುರ್ಚಿಯಿಂದ ಎದ್ದ. "ಅಜೀಮುದ್ದೀನ್ ಸಾಹೇಬ್ರ, ಕಾರ್ಡಿನ ಮಾತು ನೆನಪದ ಇಲ್ಲ? ಮದಲ ಆ ಪ್ರೇಮಭಗ್ನ ತರುಣನ್ನ ಕರೀರಿ. ಮೀಸಿ ಅದಾವೋ ಇಲ್ಲೋ ನೋಡೂಣು."

ಅಜೀಮುದ್ದೀನ್ ಬಹುಮಾನದ ಗೋಡೆ ಗಡಿಯಾರವನ್ನು ಎದೆಗೊತ್ತಿಕೊಂಡು ಮೂರು ಸಲ ಕೂಗಿದರು. ಯಾರೂ ಏಳಲಿಲ್ಲ. ಮಾಸ್ತರರು ಐದೂ ಪೆನ್ನುಗಳನ್ನು ಒಂದೇ ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು.

ಆಗ ಕೊನೆಯ ಸಾಲಿನಿಂದ ಜಯಮಾಲಾ ಎದ್ದರು. ಚೀಲವನ್ನು ಕುರ್ಚಿಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಮೈಕಿನ ತನಕ ನಡೆದು ಬಂದರು.

"ಆ ಚೀಟಿ ನಂದು. ಸೊಸಿ ರೂಪಾಲಿ ಸಲುವಾಗಿ ಬರದಿಟ್ಟಿದ್ದೆ. ಮೇಜಿನ ಮ್ಯಾಲೆ ಇವರ ಕಾಗದದಾಗ ಸೇರ್‍ಯಾದ," ಎಂದು, ಉಸಿರು ಎಳೆದುಕೊಂಡು ನಾಲ್ಕೂ ಸಾಲು ಹೇಳಿದರು. ಕೊನೆಯ ಸಾಲಿನಲ್ಲಿ ಚುಕ್ಕಿಗಳು ಇರಲಿಲ್ಲ.

"ತುಂಬಿದ ಕೊಡಕ್ಕ ಮುಚ್ಚಳ ಯಾಕ, ಮಹಾರುದ್ರಪ್ಪನವರು ನಕ್ಕರ ಸಾಕ."

ಹೆಂಗಸರು ಹೋ ಎಂದರು. ದಿಗಂಬರನಂತೂ ಕುಣಿಯುವುದೊಂದೇ ಬಾಕಿ. "ಶಾಬ್ಬಾಶ್! ಹೇಣ್ತಿಗೇ ಮದಲನೇ ಬಹುಮಾನ! ಇದ್ಯಾವ ಬಣ್ಣದ ಪೆನ್ನರಿ ಸರ್?"

ಮಾಸ್ತರರಿಗೆ ಅದು ಕೇಳಿಸಲಿಲ್ಲ. ಅವರ ಎಡಗೈಯ ಹೆಬ್ಬೆರಳು ತಾನಾಗಿಯೇ ಬೆರಳ ಗೆಣ್ಣುಗಳ ಮೇಲೆ ಓಡತೊಡಗಿತ್ತು. ಕವಿತೆಯ ಅಳತೆಯ ಮಾತ್ರೆಗಳನ್ನು ಅವರು ಎಣಿಸುತ್ತಿದ್ದದ್ದು ಹಾಗೆಯೇ. ಮೊದಲ ಮೂರು ಸಾಲು ಹದಿನೈದು, ಹದಿನೈದು, ಹದಿನೈದು. ಕೊನೆಯದು ಹದಿನೆಂಟು. ಆ ಹದಿನೆಂಟರ ಬಳಿ ಬೆರಳು ನಿಂತಾಗ ಅವರಿಗೆ ಹುಟ್ಟೂರು ಘಾಟಬೋರಾಳದ ಮನೆಯ ಬಾಗಿಲು ನೆನಪಾಯಿತು. ೧೯೭೪. ಹೊಸ್ತಿಲ ಹೊರಗೆ ಮದುಮಗಳು; ಒಡಪು ಹೇಳದೆ ಒಳಗೆ ಬಿಡುವುದಿಲ್ಲವೆಂದು ಅಡ್ಡ ನಿಂತ ಅಕ್ಕತಂಗಿಯರು. ಹುಡುಗಿ ಒಡಪು ಹೇಳಿ ಮುಗಿಸುವಷ್ಟರಲ್ಲಿ, ಆಗತಾನೇ ಛಂದಸ್ಸು ಕಲಿತಿದ್ದ ಮದುಮಗ ಬೆರಳೆಣಿಸಿ ಘೋಷಿಸಿದ್ದ: "ಕೊನೀ ಸಾಲು ಕೆಟ್ಟದ. ಮೂರು ಮಾತ್ರೆ ಹೆಚ್ಚು." ಆ ಹುಡುಗಿ ಆಮೇಲೆ ಎಷ್ಟೋ ಲಗ್ನ, ಬಸುರಿಯರ ಕುಬಸಗಳಿಗೆ ಹೋಗಿದ್ದಳು. ಎಲ್ಲರೂ ಒತ್ತಾಯ ಮಾಡಿದರೂ ಎಂದೂ ಒಡಪು ಹೇಳಿರಲಿಲ್ಲ. ಯಾಕೆಂದು ಮಾಸ್ತರರು ಯಾವ ದೃಷ್ಟಿಯಿಂದಲೂ ಯೋಚಿಸಿರಲಿಲ್ಲ.

ಅವರು ಮೈಕಿನ ಹತ್ತಿರ ಬಂದರು.

"ದಿಗಂಬರ ಅವರು ಕೇಳೋದು ಬರೋಬ್ಬರಿ ಅದ. ಈ ಚೀಟಿ ಸ್ಪರ್ಧಾಕ್ಕ ಬಂದಿದ್ದೇ ಅಲ್ಲ. ಬಹುಮಾನ ಎರಡನೇ ಕವಿತಿಗೆ ಕೊಡ್ರಿ." ಎರಡನೆಯದು ಸುಗಂಧಾಳದಾಗಿತ್ತು, ಅವಳು ಬಾಯಿ ತೆರೆದವಳು ಮುಚ್ಚಲಿಲ್ಲ. "ಇನ್ನೊಂದು ಮಾತು. ಇದೇ ಕವಿತಿನ್ನ ನಾನು ಇಪ್ಪತ್ತೊಂಬತ್ತು ವರ್ಷದ ಹಿಂದ ಫೇಲ್ ಮಾಡಿದ್ದೆ. ಇವತ್ತು ಪಹಿಲಾ ನಂಬರ್ ಕೊಟ್ಟೆ. ನಡುವ ಕವಿತಿ ಏನೂ ಬದಲಾಗಿಲ್ಲ. ನನ್ನ ಹೆಸರು ಒಂದು ತೆಗೆದಿದ್ರು, ಅಷ್ಟ. ಅಜೀಮುದ್ದೀನ್ ಅವರ, ಕಾರ್ಡಿಂದ ಆ ಪದ ತೆಗೀರಿ."

ಅಜೀಮುದ್ದೀನ್ ಗಡಿಯಾರವನ್ನು ಸುಗಂಧಾಳ ಕೈಗೆ ಕೊಡುತ್ತಾ, "ತೆಗೆಯೋದೇನ್ರಿ ಸರ್, ತಮ್ಮ ತಪ್ಪು ತಾವ ಹಿಡಿಯೋ ವಿಮರ್ಶಕರು ನಮ್ಮ ತಾಲೂಕಿನ್ಯಾಗ ಇದ್ದಿದ್ದಿಲ್ಲ," ಎಂದರು. ದಿಗಂಬರ ಕುಳಿತ. ಕುಳಿತ ಮೇಲೆ, ತಾನೂ ಚಪ್ಪಾಳೆ ತಟ್ಟುತ್ತಿರುವುದು ಅವನಿಗೇ ತಡವಾಗಿ ಗೊತ್ತಾಯಿತು.

ಗಂಡಹೆಂಡತಿ ಹುಮನಾಬಾದಿನ ಬಸ್ಸು ಹತ್ತಿದರು. ರಾಜೇಶ್ವರ ದಾಟಿದಾಗ ಜಯಮಾಲಾ ಕಿಟಕಿಯಿಂದ ಮುಖ ತಿರುಗಿಸಿದರು.

"ಮತ್ತ ಏನ್ ಎಣಸಾಕತ್ತೀರಿ?"

"ಏನಿಲ್ಲ." ಮಾಸ್ತರರು ಕೈಯನ್ನು ಧೋತರದ ಮಡಿಕೆಯಲ್ಲಿ ಮುಚ್ಚಿಕೊಂಡರು. "ರೂಪಾಲಿ ಗಂಡನ ಹೆಸರೇನು?"

"ಹಣಮಂತ."

ಮಡಿಕೆಯೊಳಗೆ ಬೆರಳು ಆಡಿತು. "ಹಣಮಂತನವರು ನಕ್ಕರ ಸಾಕ... ಹದಿನೈದು. ಬರೋಬ್ಬರಿ ಕೂಡತದ!"

"ಗೊತ್ತದ. ಅದಕ್ಕ ಅಕಿಗಿ ಬರದಿಟ್ಟಿದ್ದೆ. ಇಪ್ಪತ್ತೊಂಬತ್ತು ವರ್ಷದಿಂದ ನಾನೂ ಎಣಸಾಕತ್ತೀನಿ, ತಪ್ಪು ಎಲ್ಯದ ಅಂತ. ಕವಿತಿನ್ಯಾಗ ಇಲ್ರಿ. ನಿಮ್ಮ ತೊಟ್ಟಿಲದಾಗ ಅದ. ಅಷ್ಟುದ್ದ ಹೆಸರು ಇಟ್ಟಾಕಿ ನಿಮ್ಮವ್ವ. ಅಕಿ ಕವಿತಿ ತಿದ್ದಬೇಕಿತ್ತು ನೀವು."

ಮಹಾರುದ್ರಪ್ಪ ಮಾಸ್ತರರು ಉತ್ತರಕ್ಕಾಗಿ ಕಿಸೆ ಮುಟ್ಟಿ ನೋಡಿಕೊಂಡರು. ಐದೂ ಪೆನ್ನುಗಳು ಬಸವಕಲ್ಯಾಣದ ಮೈಕಿನ ಬುಡದಲ್ಲೇ ಉಳಿದಿದ್ದವು. ಬೇರೆ ದಾರಿ ಕಾಣದೆ ನಕ್ಕರು. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕರು.

ಜಯಮಾಲಾ ಮತ್ತೆ ಕಿಟಕಿಯ ಕಡೆ ತಿರುಗಿ, ತೊಗರಿ ಹೊಲ ನೋಡುತ್ತಾ ಕುಳಿತರು.