ಧಾರವಾಡ ಬರಬಾರದು

ದೆವ್ವ-ಭೂತದ ಮಾತು ಬಂದರೆ ಎದ್ದು ಚಹಾ ಕುಡಿಯಲು ಹೋಗುವವನು ನಾನು. ಮೂವತ್ತು ವರ್ಷ ಲೋಹ ಕಡೆಯುವ ಲೇಥ್ ಮುಂದೆ ನಿಂತವನಿಗೆ ಮೈಕ್ರೋಮೀಟರಿನ ಅಳತೆಗೆ ಸಿಗದ ವಸ್ತುವಿನ ಮೇಲೆ ನಂಬಿಕೆ ಬರುವುದು ಕಷ್ಟ. ಅಂಥವನು ಇದನ್ನು ಬರೆಯುತ್ತಿದ್ದಾನೆಂದು ನೀವು ನಗಬಹುದು. ನಗಿ, ಬೇಸರವಿಲ್ಲ. ಪೂರ್ತಿ ಓದಿದ ಮೇಲೆ ನಗಿ.

ಎಪ್ಪತ್ತರ ದಶಕದ ಕೊನೆಯ ಮಾತು. ವಿಜಾಪುರದ ಕಡೆಯಿಂದ ಬಂದಿದ್ದ ನಾನು ಮುಂಬಯಿ ಹತ್ತಿರದ ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಬದಲಿ ಟರ್ನರ್ ಆಗಿದ್ದೆ. ಯಾರಾದರೂ ರಜೆ ಹಾಕಿದರೆ ಕೆಲಸ, ಇಲ್ಲದಿದ್ದರೆ ಗೇಟಿನಿಂದಲೇ ವಾಪಸ್. ಪರ್ಮನೆಂಟ್ ಆಗದೆ ಹೆಂಡತಿಯನ್ನು ಊರಿನಿಂದ ಕರೆತರುವಂತಿರಲಿಲ್ಲ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ನನಗೊಂದು ಹುಚ್ಚಿತ್ತು. ಹಳೆಯ ವಾಲ್ವ್ ರೇಡಿಯೊಗಳಿಗೆ ಎಲ್ಲೂ ಸಿಗದ ಬಿಡಿಭಾಗಗಳನ್ನು ಹಿತ್ತಾಳೆಯಲ್ಲಿ ಕಡೆದು ಕೊಡುತ್ತಿದ್ದೆ. ಕಲ್ಯಾಣದಿಂದ ಠಾಣೆಯವರೆಗೆ ಕನ್ನಡದವರ ಮನೆಗಳಲ್ಲಿ ನನ್ನ ಹೆಸರು ಗೊತ್ತಿದ್ದದ್ದು ಅದರಿಂದಲೇ.

ನಮ್ಮ ಸೂಪರ್‌ವೈಸರ್ ಅಣ್ಣಾರಾಯರ ಮನೆ ಡೊಂಬಿವಲಿಯಲ್ಲಿತ್ತು. ಅವರ ತಂದೆ ಭೀಮರಾಯರು ಊರಲ್ಲಿ ಮಾಸ್ತರಿಕೆ ಮಾಡಿದವರು. ಲಕ್ವ ಹೊಡೆದು ಮಗನ ಮನೆ ಸೇರಿದ್ದರು. ಮೈಯಲ್ಲಿ ನಡೆಯುತ್ತಿದ್ದದ್ದು ಬಲಗೈಯ ಎರಡು ಬೆರಳು ಮತ್ತು ತೊದಲು ನಾಲಿಗೆ ಮಾತ್ರ. ಮಂಚದ ಪಕ್ಕದಲ್ಲಿ ಸ್ವಾತಂತ್ರ್ಯಕ್ಕೂ ಮೊದಲಿನ ಮರದ ಪೆಟ್ಟಿಗೆಯ ರೇಡಿಯೊ ಇರುತ್ತಿತ್ತು. ಸಂಜೆ ಏಳಾದರೆ ಆ ಎರಡು ಬೆರಳಿನಿಂದ ಗುಂಡಿ ತಿರುಗಿಸಿ ಧಾರವಾಡ ಸ್ಟೇಷನ್ ಹಿಡಿಯುವುದೊಂದೇ ಅವರ ದಿನದ ಕೆಲಸ. ಗುಂಡಿಯ ಹಿಂದಿನ ಸಣ್ಣ ಕಡ್ಡಿ ತಿರುಗಿದಾಗ ಅದಕ್ಕೆ ಸುತ್ತಿದ ಹುರಿ ಮುಳ್ಳನ್ನು ಎಳೆದು ಸ್ಟೇಷನ್ ಬದಲಾಗುತ್ತದೆ. ಆ ಕಡ್ಡಿ ಸವೆದು ಹುರಿ ಜಾರುತ್ತಿತ್ತು. ಹೊಸದು ಮಾಡಿಕೊಡೆಂದು ಮುದುಕರೇ ಹೇಳಿ ಕಳಿಸಿದ್ದರು.

ಅಳತೆ ತೆಗೆದುಕೊಂಡು ಹೊರಟಾಗ ಅಣ್ಣಾರಾಯರು ಜಿನೆಯ ಮೆಟ್ಟಿಲವರೆಗೆ ಬಂದರು. "ಕಡ್ಡಿ ಮಾಡು. ರೇಡಿಯೊ ನಡೀಬೇಕು, ಆದರ ಧಾರವಾಡ ಬರಬಾರದು" ಎಂದರು. ಯಾಕೆಂದು ಕೇಳಿದೆ. "ಧಾರವಾಡ ಹತ್ತಿದ ಕೂಡ್ಲೆ ಊರಿಗೆ ಒಯ್ರಿ ಅಂತ ಅಳ್ತಾರ. ಊಟಾ ಮಾಡೂದಿಲ್ಲ. ಊರಾಗ ಯಾರ ಇದ್ದಾರ? ರೇಡಿಯೊ ತಗದ್ರ ಬಿಲ್ಡಿಂಗ್‌ನ್ಯಾಗ ನನ್ನ ಇಜ್ಜತ್ ಹೋಗ್ತದ. ಮಷೀನೇ ಹಿಡೀಲಿಲ್ಲಂದ್ರ ತಾವ ಸುಮ್ಮನಾಗ್ತಾರ." ಆಮೇಲೆ ದನಿ ತಗ್ಗಿಸಿ, "ಪರ್ಮನೆಂಟ್ ಲಿಸ್ಟ್ ಈ ಸಲ ನಾನ ಕಳಸಾಂವ" ಎಂದರು.

ಹೂಂ ಅಂದೆ. ಬಾಯಿಮಾತಿಗೂ ಬೇಡ ಅನ್ನಲಿಲ್ಲ.

ಹುರಿ ಹಿಡಿಯಬೇಕಾದರೆ ಕಡ್ಡಿಯ ಮೇಲೆ ಲೇಥಿನ ಗೆರೆಗಳನ್ನು ತುಸು ಒರಟಾಗಿ ಬಿಡಬೇಕು. ನಾನು ಹುರಿ ಜಾರಲೆಂದೇ ಅಳತೆಗಿಂತ ಕೂದಲೆಳೆಯಷ್ಟು ಸಣ್ಣದಾಗಿ ಕಡೆದೆ. ಎಮರಿ ಕಾಗದದಿಂದ ಉಜ್ಜಿ, ಎಣ್ಣೆ ಸವರಿ ಕನ್ನಡಿಯಂತೆ ಹೊಳೆಯುವಂತೆ ಮಾಡಿದೆ. ನನ್ನ ಕೈಯಿಂದ ಬಂದ ಅತ್ಯಂತ ಚೆಂದದ ತುಂಡು ಅದು. ಭೀಮರಾಯರು ಬೆರಳಲ್ಲಿ ಹಿಡಿದು, "ಬಂಗಾರ ಮಾಡಿ ತಂದೀಯಲ್ಲೋ ತಮ್ಮಾ" ಎಂದರು. ಕೂರಿಸಿ ಕೊಟ್ಟೆ. ಗುಂಡಿ ಸರಾಗವಾಗಿ ತಿರುಗಿತು, ಮುಳ್ಳು ಮುಂಬಯಿ ಸ್ಟೇಷನ್ ಬಿಟ್ಟು ಅಲುಗಲಿಲ್ಲ. "ಹೊಸಾದಲ್ರೀ, ಹೊಂದಾಕ ಟೈಮ್ ಬೇಕು. ದಿನಾ ತಿರುವ್ಕೋತ ಇರ್ರಿ" ಎಂದೆ. ಆ ಮಾತನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ನಾನೇ ಹುಟ್ಟಿಸಿದ್ದು.

ಮೂರು ವಾರದ ಮೇಲೆ ಅಣ್ಣಾರಾಯರು ಕೆಂಡವಾಗಿ ನನ್ನ ಲೇಥಿನ ಹತ್ತಿರ ಬಂದರು. "ನನಗ ಟೋಪಿ ಹಾಕ್ತೀ? ನಾಕ ದಿನಾ ಆತು, ದಿನಾ ಧಾರವಾಡ ಬರಾಕತ್ತದ!" ಲಿಸ್ಟ್ ಇನ್ನೂ ಹೋಗಿರಲಿಲ್ಲ. ಶಿಫ್ಟ್ ಮುಗಿದದ್ದೇ ಅವರ ಜೊತೆ ಲೋಕಲ್ ಹತ್ತಿದೆ.

ಏಳಕ್ಕೆ ಸ್ವಲ್ಪ ಮೊದಲು ರೇಡಿಯೊದ ಹಿಂಬದಿ ಬಿಚ್ಚಿದೆ. ಹುರಿ ಕಡ್ಡಿಯಿಂದ ಪೂರ್ತಿ ಕಳಚಿ ತಳದಲ್ಲಿ ಧೂಳಿನಲ್ಲಿ ಬಿದ್ದಿತ್ತು. ಅಂದರೆ ಗುಂಡಿಗೂ ಸ್ಟೇಷನ್ನಿಗೂ ಯಾವ ಸಂಬಂಧವೂ ಉಳಿದಿರಲಿಲ್ಲ. ನಾನೇ ತಿರುಗಿಸಿದೆ, ಮುಂಬಯಿಯ ಮರಾಠಿ ಹಾಡು ಹಾಗೇ ನಡೆದಿತ್ತು. ಅಣ್ಣಾರಾಯರು ತಿರುಗಿಸಿದರು, ಅದೇ ಹಾಡು. ಆಮೇಲೆ ಭೀಮರಾಯರು ಕೈ ಚಾಚಿದರು. ಬೆರಳಿನ ತುದಿಯ ಚರ್ಮ ಸುಲಿದು ಕೆಂಪಾಗಿತ್ತು. ನಾನು ಟಾರ್ಚ್ ಹಿಡಿದು ಒಳಗೇ ನೋಡುತ್ತಿದ್ದೆ. ಬರಿ ಕಡ್ಡಿ ತಿರುಗಿತು, ಬೇರೇನೂ ಕದಲಲಿಲ್ಲ. ಹಾಡು ಸಣ್ಣದಾಗುತ್ತ ಹೋಯಿತು, ಸ್ವಲ್ಪ ಗೊರಗೊರ, ಆಮೇಲೆ ಸ್ವಚ್ಛ ಕನ್ನಡದಲ್ಲಿ ಧಾರವಾಡ. ಜೋಳದ ಬೆಳೆಗೆ ಬಿದ್ದ ಹುಳದ ಬಗ್ಗೆ ಯಾರೋ ಮಾತಾಡುತ್ತಿದ್ದರು. ನಾನು ಹೊರಗೆ ಹೋಗಿ ಪಕ್ಕದ ಮನೆಯ ರೇಡಿಯೊಗೆ ಕಿವಿಗೊಟ್ಟೆ. ಅಲ್ಲಿ ಮರಾಠಿ ಹಾಡೇ ಇತ್ತು.

ಮುದುಕರ ಕಣ್ಣಲ್ಲಿ ನೀರಿತ್ತು. "ನೀ ಹೇಳಿದಂಗ ತಿರುವಿದೆ ನೋಡು. ಹೊಂದಿಕೊಂಡದ" ಎಂದರು.

ಅಣ್ಣಾರಾಯರಿಗೆ ಸೋಜಿಗವಾಗಲಿಲ್ಲ, ಸಿಟ್ಟು ಬಂತು. "ಆ ಕಡ್ಡೀನ ಕಿತ್ತು ಒಯ್ಯಿ" ಎಂದು ಕಿವಿಯಲ್ಲಿ ಹೇಳಿದರು. ಸ್ಕ್ರೂ ಸಡಿಲಿಸಿ ಕಿತ್ತೆ. ತಕ್ಷಣ ಮುಂಬಯಿ ವಾಪಸು ಬಂತು. "ಯಾಕೋ ತಮ್ಮಾ?" ಎಂದು ಭೀಮರಾಯರು ಕೇಳಿದರು. "ಇನ್ನೂ ಛಲೋದು ಮಾಡಿ ತರ್ತೀನ್ರಿ" ಎಂದು ಹೇಳಿ ಜಿನೆ ಇಳಿದುಬಿಟ್ಟೆ.

ಮರುತಿಂಗಳು ಪರ್ಮನೆಂಟ್ ಆದೆ, ಹೆಂಡತಿ ಬಂದಳು. ಆ ಮನೆಯ ಕಡೆ ತಲೆ ಹಾಕಲಿಲ್ಲ. ರೇಡಿಯೊ ಬಲ್ಲವರನ್ನು ಎಷ್ಟೋ ಜನರನ್ನು ಕೇಳಿದ್ದೇನೆ. ಸಂಜೆ ದೂರದ ಸ್ಟೇಷನ್ ನುಗ್ಗುತ್ತದೆ ಎಂದವರಿದ್ದಾರೆ. ನಮ್ಮಿಬ್ಬರ ಕೈಗೆ ಬರದ್ದು ಆ ಎರಡು ಬೆರಳಿಗೆ ಹೇಗೆ ಬಂತೆಂದು ಕೇಳಿದರೆ ಮಾತು ಬದಲಿಸುತ್ತಾರೆ.

ದೀಪಾವಳಿಗೆ ಮೊದಲೇ ಭೀಮರಾಯರು ಹೋದರು. ಹದಿಮೂರನೆಯ ದಿನದ ಊಟಕ್ಕೆ ಹೋಗದೆ ವಿಧಿಯಿರಲಿಲ್ಲ. ಏನೂ ಗೊತ್ತಿಲ್ಲದ ಸೊಸೆ ಬಡಿಸುತ್ತ ನನ್ನೆದುರು ನಿಂತರು. "ಬ್ಯಾರೆ ಮೆಕ್ಯಾನಿಕ್ ಕರಸ್ತೀನಂದ್ರ ಬ್ಯಾಡ ಅಂತಿದ್ರು ಮಾವನೋರು. ಅಂವನ ಕೈ ಛಲೋ ಅದ, ಅಂವನ ಬರ್ತಾನ ಅಂತ ಏಳಾತಂದ್ರ ಬಾಗಲಾ ನೋಡ್ಕೋತ ಮಲಗತಿದ್ರು" ಎಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು.

ತಿಂದೆ.