ಗೆರೆಯಣ್ಣ ತುಂಬಿದ ಒಂದು ವರ್ಷ

"ನಮ್ಮಲ್ಲಿಗೆ ಹೊಸಬನೊಬ್ಬ ಬಂದಿದಾನೆ ಕಣೇ. ಯಾರು ಯಾವಾಗ ಸಾಯ್ತಾರೆ ಅಂತ ಕಾಯೋದೇ ಅವನ ಕೆಲಸ," ಎಂದು ನನ್ನ ಯಜಮಾನರು ಒಂದು ಸಂಜೆ ಚಪ್ಪಲಿ ಬಿಡುತ್ತಲೇ ಹೇಳಿದರು. ಗೆರೆಯಣ್ಣನ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಹಾಗೆ.

ಯಜಮಾನರು ವಿಶ್ವಕೋಶ ಸಂಸ್ಥೆಯಲ್ಲಿ ಬೈಂಡರ್. ದೇಶಕ್ಕೆ ಗೊತ್ತಿರುವುದನ್ನೆಲ್ಲ ಹದಿನಾಲ್ಕು ಸಂಪುಟಗಳಲ್ಲಿ ಕೂಡಿಡಬೇಕೆಂದು ಸರ್ಕಾರ ಕಟ್ಟಿದ ಸಂಸ್ಥೆ ಅದು. ಬದುಕಿರುವ ದೊಡ್ಡವರ ಹೆಸರಿನ ಮುಂದೆ ಹುಟ್ಟಿದ ವರ್ಷ ಹಾಕಿ, ಒಂದು ಗೆರೆ ಎಳೆದು, ಆಚೆಗೆ ಖಾಲಿ ಬಿಡುತ್ತಿದ್ದರು. ದಿನಾ ಒಂಬತ್ತು ಪತ್ರಿಕೆ ಓದಿ, ಹೆಸರಿಗೊಂದರಂತೆ ಬರೆದಿಟ್ಟ ಕಾರ್ಡುಗಳಲ್ಲಿ ತೀರಿಕೊಂಡವರದನ್ನು ಹುಡುಕಿ, ಆ ಖಾಲಿ ಜಾಗ ತುಂಬುವುದು ಗೆರೆಯಣ್ಣನ ಕೆಲಸ. ಆ ಹೆಸರು ಕೊಟ್ಟವರು ಬೈಂಡಿಂಗಿನವರೇ.

ಯಜಮಾನರು ಹೋದ ಮೇಲೆ ಅವರ ಮೇಜು ನನಗೆ ಬಂತು. ನಾಲ್ಕನೇ ಕ್ಲಾಸಿನ ತನಕ ಓದಿದವಳಿಗೆ ಹಾಳೆ ಮಡಚುವುದು, ಅಂಟು ಹಚ್ಚುವುದು ಬಿಟ್ಟು ಇನ್ನೇನು ಕೊಟ್ಟಾರು? ಮೊದಲ ದಿನವೇ ಗೆರೆಯಣ್ಣ ಮಹಡಿಯಿಂದ ಇಳಿದು ಬಂದು, "ನಿನ್ನ ಗಂಡ ಪುಸ್ತಕದಲ್ಲಿಲ್ಲ ತಂಗಿ. ಆದ್ರೂ ಒಂದು ಕಾರ್ಡು ಬರ್ದಿಟ್ಟಿದೀನಿ," ಎಂದರು. ಅಂದಿನಿಂದ ಅವರು ನನಗೆ ಅಣ್ಣನೇ.

ಎರಡು ಪತ್ರಿಕೆಯ ಸುದ್ದಿ, ಮನೆಯವರ ಒಂದು ಕಾಗದ, ಇಷ್ಟೂ ಕೈಸೇರುವ ತನಕ ಅವರು ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ. ತಪ್ಪಿದ್ದು ಒಂದೇ ಸಲ. ಏಳನೇ ಸಂಪುಟ ಅಚ್ಚಿಗೆ ನಿಂತಿತ್ತು. ದೇಶದ ಮೊದಲ ನರ್ಸಿಂಗ್ ಶಾಲೆ ತೆರೆದ ನರ್ಸಮ್ಮ ತೀರಿಕೊಂಡರೆಂದು ಎರಡು ಪತ್ರಿಕೆಗಳಲ್ಲಿ ಬಂತು. ಹೆಸರೂ ಅದೇ, ಊರೂ ಅದೇ. ಮನೆಗೆ ಬರೆದ ಕಾಗದಕ್ಕೆ ಮಾತ್ರ ಉತ್ತರವಿಲ್ಲ. "ಮಿಷನ್ ನಿಂತಿದೆ, ನೀನು ಅಂಚೆಯವನ ದಾರಿ ಕಾಯ್ತಾ ಕೂತಿದೀಯಲ್ಲಯ್ಯ," ಎಂದು ಸಂಪಾದಕರು ರೇಗಿದರು. ಗೆರೆಯಣ್ಣ ವರ್ಷ ತುಂಬಿದರು. ಆ ಹಾಳೆ ಮಡಚಿದವಳು ನಾನೇ.

ಪುಸ್ತಕ ಹೊರಬಿದ್ದ ಕೆಲವು ತಿಂಗಳಿಗೆ ನರ್ಸಮ್ಮನದೇ ಕಾಗದ ಬಂತು. ಸತ್ತದ್ದು ಅದೇ ಹೆಸರಿನ ಇನ್ನೊಬ್ಬ ನರ್ಸು. ನಮ್ಮ ಕಾಗದ ಹೋದಾಗ ಈಯಮ್ಮ ಮಂಡಿ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರಂತೆ. ಶಾಲೆಯ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಅವರ ಮನೆಗೆ ಕಾರು ಬರುತ್ತಿತ್ತು. ಆ ವರ್ಷ ಹೊಸ ಪ್ರಿನ್ಸಿಪಾಲರು ವಿಶ್ವಕೋಶ ನೋಡಿ, ಕಾರು ಕಳಿಸುವ ಬದಲು ಎಲ್ಲರನ್ನೂ ಎರಡು ನಿಮಿಷ ಮೌನವಾಗಿ ನಿಲ್ಲಿಸಿದರು. ಈಯಮ್ಮ ತಯಾರಾಗಿ ಸಂಜೆಯ ತನಕ ಕಿಟಕಿ ಬಳಿ ಕೂತಿದ್ದರಂತೆ. ಕರೆಯದೆ ಹೋಗಿ ನಾನಿದ್ದೇನೆ ಎನ್ನುವುದು ಹೇಗೆ, ನಾನು ಇರುವಾಗಲೇ ತಿದ್ದಿ ಎಂದು ಬರೆದಿದ್ದರು.

"ಬಸ್ಸಲ್ಲಿ ಎರಡು ಗಂಟೆ ದಾರಿ. ಹೋಗಿ ಬಾಗಿಲು ತಟ್ಟಿದ್ರೆ ಆಗ್ತಿತ್ತು," ಎಂದರು ಗೆರೆಯಣ್ಣ. ಆಮೇಲೆ ಅವರಿಗೆ ಊಟ ಸೇರಿದ್ದು ನಾನು ಕಾಣೆ.

ಮುಂದಿನ ಮುದ್ರಣದಲ್ಲಿ ತಿದ್ದೋಣ ಎಂದರು ಸಂಪಾದಕರು. ಮುಂದಿನ ಮುದ್ರಣ ಎಲ್ಲಿಯದು? ಒಂಬತ್ತನೇ ಸಂಪುಟಕ್ಕೇ ಸರ್ಕಾರ ಕೈ ಎತ್ತಿತು. ಮಹಡಿ ಬೇರೆ ಇಲಾಖೆಗೆ ಹೋಯಿತು, ಕಾರ್ಡುಗಳು ಚೀಲ ಸೇರಿದವು. ಏಳನೇ ಸಂಪುಟದ ಅಂಚು ಕತ್ತರಿಸಿದಾಗ ಉಳಿದ ಪಟ್ಟಿಗಳು ನನ್ನ ಮೇಜಿನಡಿ ಬಿದ್ದಿದ್ದವು. ಬಣ್ಣ ಹೊಂದಲೆಂದು ಅವುಗಳಿಂದಲೇ ಉಗುರಿನಷ್ಟು ಚೀಟಿಗಳನ್ನು ಕತ್ತರಿಸಿದೆ. ರಜಾ ದಿನಗಳಲ್ಲಿ ನಾವಿಬ್ಬರೂ ಗ್ರಂಥಾಲಯಗಳನ್ನು ಸುತ್ತಿ, ನರ್ಸಮ್ಮನ ಹೆಸರಿನ ಮುಂದಿನ ಆ ವರ್ಷದ ಮೇಲೆ ಅಂಟಿಸಿ ಬಂದೆವು. "ಏನಮ್ಮ, ಪುಸ್ತಕಕ್ಕೆ ಗಾಯ ಆಗಿತ್ತಾ?" ಎಂದು ಒಬ್ಬರು ನಕ್ಕರು. ಗೆರೆಯಣ್ಣ ನಗಲಿಲ್ಲ.

ಬೇಡವೆಂದದ್ದು ಒಂದೇ ಕಡೆ, ಆ ಶಾಲೆಯಲ್ಲಿ. ಸಂಸ್ಥೆಯ ಮೊಹರಿಲ್ಲದ ಚೀಟಿಯನ್ನು ಸರ್ಕಾರದ ಪುಸ್ತಕಕ್ಕೆ ಅಂಟಿಸಲು ಬಿಡೆ ಎಂದರು ಪ್ರಿನ್ಸಿಪಾಲರು. ನರ್ಸಮ್ಮನ ಕಾಗದ ತೋರಿಸಿದರೆ, ಇದನ್ನು ಯಾರು ಬೇಕಾದರೂ ಬರೆಯಬಹುದಲ್ಲ ಎಂದರು. ಮೊಹರು ತರೋಣವೆಂದರೆ ಅಷ್ಟರಲ್ಲಿ ಸಂಸ್ಥೆಗೇ ಬೀಗ ಬಿದ್ದಿತ್ತು. ಮರುವರ್ಷವೂ ಶಾಲೆಯಲ್ಲಿ ಎರಡು ನಿಮಿಷ ಮೌನ ನಡೆಯಿತು.

ಶ್ವಾಸಕೋಶ ಕೆಟ್ಟು ಗೆರೆಯಣ್ಣ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಉಳಿದಿದ್ದ ಒಂದು ಚೀಟಿಯನ್ನು ಪೊಟ್ಟಣ ಕಟ್ಟಿ ಒಯ್ದಿದ್ದೆ, ಇನ್ನೊಮ್ಮೆ ಶಾಲೆಗೆ ಹೋಗಿ ಬಾ ಎನ್ನುತ್ತಾರೆಂದು. ಅವರು ಅದನ್ನು ನನ್ನ ಕೈಗೇ ಮಡಚಿ ಕೊಟ್ಟರು. ಉಸಿರು ಎಳೆದು ಎಳೆದು ಮಾತಾಡಿದರು.

"ಚೀಟಿ ಸಾಕು ತಂಗಿ. ಹತ್ತನೇ ತಾರೀಕು ಶಾಲೆ ವಾರ್ಷಿಕೋತ್ಸವ. ನೀನೇ ಒಂದು ಕಾರು ಮಾಡ್ಕೊಂಡು ಆಯಮ್ಮನ ಮನೆಗೆ ಹೋಗು. ಅವರೆಲ್ಲ ಮೌನಕ್ಕೆ ಎದ್ದು ನಿಂತಿರ್ತಾರಲ್ಲ, ಆಗ ಕೈ ಹಿಡ್ಕೊಂಡು ಕರ್ಕೊಂಡು ಹೋಗಿ, ಮುಂದಿನ ಕುರ್ಚಿಲಿ ಕೂರಿಸು."